ಅಂಗಸಾಧನೆಗೆ ಗುರುವನ್ನು ಅರಸುವವರಿಗೆ



ದೇಹವನ್ನು ದಂಡಿಸಿ ಬಲಪಡಿಸಿಕೊಳ್ಳಬೇಕೆಂಬ ಸತ್ಸಂಕಲ್ಪದಿಂದ ಜಿಮ್ಮಿನ ಮೆಟ್ಟಿಲೇರುವವರು ಈಚಿನ ವರ್ಷಗಳಲ್ಲಿ ನಮ್ಮ ದೊಡ್ಡ ನಗರಗಳಲ್ಲಷ್ಟೇ ಅಲ್ಲದೆ ತಾಲ್ಲೂಕು ಕೇಂದ್ರಗಳಲ್ಲಿಯೂ ಹೆಚ್ಚಿದ್ದಾರೆ. ಇದು ಸಂತೋಷದ ಸಂಗತಿ. ಕಾಲೇಜಿನ ಹುಡುಗರು ಹೋಗುತ್ತಾರೆ. ಹೆರಿಗೆಯಾಗಿ ವರ್ಷ ಕಳೆದ ತಾಯಂದಿರು ಹೋಗುತ್ತಾರೆ. ವೈದ್ಯರ ಮಾತಿಗೆ ಓಗೊಟ್ಟು, ಅರುವತ್ತು ದಾಟಿದ ಮೇಲೆ ಮೊಟ್ಟಮೊದಲ ಬಾರಿಗೆ ಡಂಬೆಲ್ ಹಿಡಿದವರೂ ಉಂಟು. ಇವರೆಲ್ಲರಿಗೂ ಹಣ ಕಟ್ಟುವ ಮೇಜಿನ ಬಳಿಯಲ್ಲಿಯೇ ಒಂದು ಪ್ರಶ್ನೆ ಎದುರಾಗುತ್ತದೆ. ಪರ್ಸನಲ್ ಟ್ರೈನರ್ ಬೇಕೆ? ಬೇಕಾದರೆ ಯಾರು?

ಬಹುಮಂದಿ ಈ ಪ್ರಶ್ನೆಗೆ ತಾವಾಗಿ ಉತ್ತರ ಹುಡುಕುವುದಿಲ್ಲ. ಆ ಹೊತ್ತಿನಲ್ಲಿ ಯಾರಿಗೆ ಬಿಡುವಿದೆಯೋ ಅವರನ್ನು ಜಿಮ್ಮಿನವರು ಕರೆದು ಪರಿಚಯ ಮಾಡಿಸುತ್ತಾರೆ. ಅಥವಾ ಯಾರ ತೋಳು, ಎದೆ ಹೆಚ್ಚು ಉಬ್ಬಿವೆಯೋ ಅವರ ಕಡೆಗೆ ನಮ್ಮ ಕಣ್ಣೇ ಹೋಗುತ್ತದೆ. ಅಲ್ಲಿಗೆ ಆಯ್ಕೆ ಮುಗಿಯಿತು. ಬೆನ್ನೆಲುಬನ್ನು, ಮಂಡಿಯನ್ನು, ಹೃದಯವನ್ನು ಅಪರಿಚಿತರೊಬ್ಬರ ಆಜ್ಞೆಗೆ ಒಪ್ಪಿಸುವಂಥ ಕಾರ್ಯವು ಇಷ್ಟು ಅವಸರದಲ್ಲಿ ನಡೆಯಬಾರದೆಂಬುದನ್ನೂ, ಶಿಕ್ಷಕನನ್ನು ಪರೀಕ್ಷಿಸುವ ಬಗೆಯೊಂದುಂಟೆಂಬುದನ್ನೂ ಈ ಹೊತ್ತು ನಿಮ್ಮಲ್ಲಿ ಬಿನ್ನವಿಸಲು ಬಂದಿದ್ದೇನೆ. ನಿಮ್ಮ ದೇಹವನ್ನು ಅರಿತುಕೊಳ್ಳಲು ಅವನು ಎಷ್ಟು ಶ್ರಮ ವಹಿಸುತ್ತಾನೆ? ನನ್ನ ಮಾತೆಲ್ಲವೂ ಈ ಒಂದು ಪ್ರಶ್ನೆಯ ಸುತ್ತಲೇ ಇದೆ.

ನಮ್ಮ ಹಿರಿಯರಿಗೆ ಆಯ್ಕೆಯ ಈ ತೊಡಕು ಇಷ್ಟಾಗಿ ಇರಲಿಲ್ಲ. ಮೈಸೂರಿನ ಗರಡಿಮನೆಗಳನ್ನು ನೆನೆಯಿರಿ. ತಗ್ಗಾದ ಬಾಗಿಲಲ್ಲಿ ತಲೆ ಬಾಗಿ ಒಳಹೊಕ್ಕರೆ, ಕೆಮ್ಮಣ್ಣಿನ ಮಟ್ಟಿ, ಗೋಡೆಗೆ ಒರಗಿಸಿದ ಗದೆ, ಆಂಜನೇಯನ ಪಟ. ಹುಡುಗನು ಬಂದು ಸೇರಿದ ಮಾತ್ರಕ್ಕೆ ಅವನನ್ನು ಕುಸ್ತಿಗೆ ಇಳಿಸುತ್ತಿರಲಿಲ್ಲ. ಮಣ್ಣು ಹದಮಾಡುವ ಕೆಲಸ ಮೊದಲು. ಅನಂತರ ದಂಡೆ, ಬೈಠಕ್. ಪಟ್ಟುಗಳ ಪಾಠ ಬಹಳ ತಡವಾಗಿ. ಆ ಅವಧಿಯಲ್ಲಿ ಉಸ್ತಾದರು ಸುಮ್ಮನೆ ಕುಳಿತಿರುತ್ತಿದ್ದರೆಂದು ತಿಳಿಯಬೇಡಿರಿ. ಹುಡುಗನ ಮೈಕಟ್ಟು ಎಂಥದು, ಉಸಿರು ಎಷ್ಟು ಹೊತ್ತು ನಿಲ್ಲುತ್ತದೆ, ಮನೆಯಲ್ಲಿ ಅವನಿಗೆ ಹೊಟ್ಟೆತುಂಬ ಊಟವುಂಟೋ ಇಲ್ಲವೋ, ಕೋಪ ಬೇಗ ಬರುತ್ತದೆಯೋ, ಇವೆಲ್ಲವನ್ನೂ ಅವರು ದಿನದಿನವೂ ನೋಡಿ ಮನಸ್ಸಿನಲ್ಲಿ ಗುರುತಿಟ್ಟುಕೊಳ್ಳುತ್ತಿದ್ದರು. ಇನ್ನು ಉಸ್ತಾದರ ಯೋಗ್ಯತೆಗೆ ಕೇರಿಯೇ ಸಾಕ್ಷಿಯಾಗಿತ್ತು. ಅವರ ಕೈಯಲ್ಲಿ ಪಳಗಿದವರು ಅದೇ ಬೀದಿಯಲ್ಲಿ ಓಡಾಡುತ್ತಿದ್ದರು; ಅವರ ಕೈಯಲ್ಲಿ ಮೈಮುರಿದುಕೊಂಡವರಿದ್ದರೆ ಅವರೂ ಅದೇ ಬೀದಿಯಲ್ಲಿಯೇ ಇದ್ದರು.

ಬೆಂಗಳೂರಿನಲ್ಲಿ ಬಾರ್‌ಬೆಲ್ಲು, ಡಂಬೆಲ್ಲುಗಳ ನವೀನ ಪದ್ಧತಿಯನ್ನು ಸೂರ್ಯನಮಸ್ಕಾರ, ಆಸನಗಳೊಡನೆ ಕೂಡಿಸಿ ಕಲಿಸಿದ ಕೆ. ವಿ. ಅಯ್ಯರ್ ಅವರನ್ನು ಸಾಹಿತ್ಯಾಭಿಮಾನಿಗಳು ‘ಶಾಂತಲಾ’, ‘ರೂಪದರ್ಶಿ’ ಕಾದಂಬರಿಗಳ ಕರ್ತೃವೆಂದು ಬಲ್ಲರು. ಅವರ ಹರ್ಕ್ಯುಲಿಸ್ ವ್ಯಾಯಾಮಶಾಲೆಯಲ್ಲಿ ಸಾಧನೆ ಮಾಡಿದವರಿಗಾದರೋ ಅವರು ಮೊದಲು ವ್ಯಾಯಾಮಾಚಾರ್ಯರು. ಅಂಥವರಲ್ಲಿಗೆ ಹೋಗುತ್ತಿದ್ದವರು ಆ ಗುರುವಿನ ಹೆಸರನ್ನು ಕೇಳಿಯೇ ಹೋಗುತ್ತಿದ್ದರು. ಇಂದು ನಮ್ಮನ್ನು ಒಳಗೆ ಕರೆತರುವುದು ಜಿಮ್ಮಿನ ಹೆಸರು. ಕಲಿಸುವವರ ಹೆಸರು ಒಳಗೆ ಹೋದ ಮೇಲೆ ತಿಳಿಯುತ್ತದೆ, ಕೆಲವು ತಿಂಗಳಿಗೊಮ್ಮೆ ಬದಲಾಗುತ್ತಲೂ ಇರುತ್ತದೆ. ಕೇರಿಯ ಸಾಕ್ಷ್ಯವಿಲ್ಲದ ಈ ಸನ್ನಿವೇಶದಲ್ಲಿ ಪರೀಕ್ಷೆಯ ಹೊಣೆಯೆಲ್ಲ ಕಲಿಯಬಂದವರ ಮೇಲೆ ಬಿದ್ದಿದೆ.

ಇದುವರೆಗೆ ಹೇಳಿದ್ದು ಇಷ್ಟು: ಹಿಂದೆ ಗುರುವಿನ ಯೋಗ್ಯತೆ ಊರಿಗೆ ತಿಳಿದಿರುತ್ತಿತ್ತು, ಈಗ ಅದನ್ನು ನಾವೇ ತಿಳಿಯಬೇಕು. ಹಾಗಾದರೆ ಸರ್ಟಿಫಿಕೇಟು ನೋಡಿದರೆ ಸಾಲದೆ, ಎಂದು ನೀವು ಕೇಳಬಹುದು.

ನೋಡಲೇಬೇಕು. ವೈದ್ಯನಿಗೂ ವಕೀಲನಿಗೂ ಇರುವಂತೆ ಈ ವೃತ್ತಿಗೆ ನಮ್ಮ ದೇಶದಲ್ಲಿ ಕಡ್ಡಾಯವಾದ ಪರವಾನಗಿ ಇಲ್ಲದಿರುವುದರಿಂದ, ತನ್ನ ಮೈಯನ್ನು ತಾನು ಬೆಳೆಸಿಕೊಂಡ ಯಾರೇ ಆಗಲಿ ಮರುದಿನ ಮತ್ತೊಬ್ಬರಿಗೆ ಶಿಕ್ಷಕನಾಗಬಹುದು. ದೈಹಿಕ ಶಿಕ್ಷಣದ ಪದವಿ ಪಡೆದವರಿದ್ದಾರೆ. ಪಟಿಯಾಲದಲ್ಲಿ 1961ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಕ್ರೀಡಾ ಸಂಸ್ಥೆಯಲ್ಲಿ ತರಬೇತಾದವರಿದ್ದಾರೆ. ಅಮೆರಿಕದ ಎ.ಸಿ.ಇ., ಎ.ಸಿ.ಎಸ್.ಎಂ. ಮೊದಲಾದ ಸಂಸ್ಥೆಗಳ ಪರೀಕ್ಷೆ ಮುಗಿಸಿದವರೂ ಇದ್ದಾರೆ. ಈ ವಿದೇಶೀ ಪತ್ರಗಳಿಗೆ ಒಂದು ಅವಧಿಯುಂಟು. ಎರಡು ಮೂರು ವರ್ಷಗಳಿಗೊಮ್ಮೆ ಮತ್ತಷ್ಟು ಕಲಿತು ಅವನ್ನು ನವೀಕರಿಸಿಕೊಳ್ಳಬೇಕಾಗುತ್ತದೆ. ಆದುದರಿಂದ ಗೋಡೆಯ ಮೇಲೆ ಚೌಕಟ್ಟು ಹಾಕಿಸಿ ತೂಗಿಸಿದ ಪತ್ರದಲ್ಲಿ ಹೆಸರಿನ ಜೊತೆಗೆ ತಾರೀಖನ್ನೂ ಓದಿರಿ. ಪ್ರಥಮ ಚಿಕಿತ್ಸೆಯೂ, ಹೃದಯ ನಿಂತವರ ಎದೆಯನ್ನು ಒತ್ತಿ ಜೀವ ಉಳಿಸುವ ಸಿ.ಪಿ.ಆರ್. ಕ್ರಮವೂ ಬರುತ್ತವೆಯೆ ಎಂದು ಕೇಳಿರಿ. ಕೇಳಲು ಸಂಕೋಚ ಪಡಬೇಕಾಗಿಲ್ಲ. ಇಷ್ಟಾದ ಮೇಲೂ, ಪತ್ರವು ಅವನು ಓದಿದ್ದನ್ನು ಹೇಳುತ್ತದೆಯೇ ಹೊರತು, ನಿಮ್ಮನ್ನು ಅವನು ಹೇಗೆ ಕಾಣುವನೆಂಬುದನ್ನು ಹೇಳಲಾರದು. ಅದು ತಿಳಿಯುವುದು ಮೊದಲ ಭೇಟಿಯಲ್ಲಿ, ಅವನು ಕೇಳುವ ಪ್ರಶ್ನೆಗಳಿಂದ.

ಈ ಪ್ರಶ್ನೆಗಳ ವಿಷಯವನ್ನು ಸ್ವಲ್ಪ ನಿಧಾನವಾಗಿ ಹೇಳಬೇಕಾಗಿದೆ.

ಸುಮಾರು ಅರ್ಧ ಶತಮಾನದ ಹಿಂದೆ ಕೆನಡಾ ದೇಶದಲ್ಲಿ, ವ್ಯಾಯಾಮ ಪ್ರಾರಂಭಿಸುವವರಿಗಾಗಿ ಏಳೇ ಪ್ರಶ್ನೆಗಳ ಒಂದು ಸಣ್ಣ ಪಟ್ಟಿಯನ್ನು ಸಿದ್ಧಪಡಿಸಿದರು. ಹೃದಯದ ತೊಂದರೆಯಿದೆಯೆಂದು ವೈದ್ಯರು ಎಂದಾದರೂ ಹೇಳಿದ್ದಾರೆಯೆ? ಶ್ರಮಪಟ್ಟಾಗ ಎದೆ ನೋಯುತ್ತದೆಯೆ? ಕಳೆದ ತಿಂಗಳಲ್ಲಿ ಸುಮ್ಮನಿದ್ದಾಗಲೂ ಎದೆ ನೊಂದದ್ದುಂಟೆ? ತಲೆ ಸುತ್ತಿ ಬಿದ್ದದ್ದುಂಟೆ? ವ್ಯಾಯಾಮದಿಂದ ಹೆಚ್ಚಾಗಬಹುದಾದ ಮೂಳೆ, ಕೀಲುಗಳ ತೊಂದರೆಯಿದೆಯೆ? ರಕ್ತದೊತ್ತಡಕ್ಕೋ ಹೃದಯಕ್ಕೋ ಔಷಧ ನಡೆಯುತ್ತಿದೆಯೆ? ಇವಲ್ಲದೆ ಬೇರೆ ಯಾವ ಕಾರಣವಾದರೂ ಇದೆಯೆ? ಇವುಗಳಲ್ಲಿ ಯಾವುದಕ್ಕಾದರೂ ಹೌದೆಂಬ ಉತ್ತರ ಬಂದರೆ ಮೊದಲು ವೈದ್ಯರ ಬಳಿಗೆ, ಅನಂತರ ವ್ಯಾಯಾಮಕ್ಕೆ. ಈ ಪಟ್ಟಿಯೂ ಇದರ ಪರಿಷ್ಕೃತ ರೂಪಗಳೂ ಲೋಕದ ನಾನಾ ಕಡೆ ಬಳಕೆಯಲ್ಲಿವೆ. ಕೇಳಿ ಮುಗಿಸಲು ಐದು ನಿಮಿಷ ಸಾಕು. ಆ ಐದು ನಿಮಿಷವನ್ನು ನಿಮಗಾಗಿ ವಿನಿಯೋಗಿಸದೆ, ಬಂದೊಡನೆ ಟ್ರೆಡ್‌ಮಿಲ್ಲಿನ ಮೇಲೆ ಹತ್ತಿಸುವವನು, ಅಳತೆ ತೆಗೆದುಕೊಳ್ಳದೆ ಬಟ್ಟೆಗೆ ಕತ್ತರಿ ಹಾಕುವ ದರ್ಜಿಯಂತೆ. ಕೆಡುವುದು ಮಾತ್ರ ಬಟ್ಟೆಯಲ್ಲ.

ಉತ್ತರವನ್ನು ಅವನು ಹೇಗೆ ಬಳಸಿಕೊಳ್ಳುತ್ತಾನೆಂಬುದು ಇನ್ನೂ ಮುಖ್ಯ. ನಮ್ಮ ದೇಶದಲ್ಲಿ ಸಕ್ಕರೆ ಕಾಯಿಲೆಯವರು ಸುಮಾರು 10 ಕೋಟಿ ಮಂದಿ ಇದ್ದಾರೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯು ತಿಳಿಸಿತು. ಇವರಿಗೆ ವ್ಯಾಯಾಮ ಅತ್ಯಂತ ಹಿತಕರ. ಆದರೆ ಇನ್ಸುಲಿನ್ ಚುಚ್ಚಿಕೊಳ್ಳುವವರಿಗೂ, ಸಕ್ಕರೆಯನ್ನಿಳಿಸುವ ಕೆಲವು ಬಗೆಯ ಮಾತ್ರೆ ನುಂಗುವವರಿಗೂ ಶ್ರಮದ ನಡುವೆ ರಕ್ತದ ಸಕ್ಕರೆ ಏಕಾಏಕಿ ಕುಸಿಯಬಹುದು. ಕೈ ನಡುಗುತ್ತದೆ, ತಣ್ಣನೆಯ ಬೆವರು ಬರುತ್ತದೆ, ಕಣ್ಣು ಕತ್ತಲೆಗಟ್ಟುತ್ತದೆ. ಇದನ್ನು ಬಲ್ಲ ಶಿಕ್ಷಕನು ಊಟವಾಗಿ ಎಷ್ಟು ಹೊತ್ತಾಯಿತೆಂದು ಕೇಳುತ್ತಾನೆ. ಕೈಗೆಟುಕುವಲ್ಲಿ ಗ್ಲೂಕೋಸನ್ನೋ ಸಕ್ಕರೆಯನ್ನೋ ಇರಿಸಿಕೊಂಡಿರುತ್ತಾನೆ. ಅರಿಯದವನು ಆ ನಡುಕವನ್ನು ಸೋಮಾರಿತನವೆಂದು ಭಾವಿಸಿ ಇನ್ನೂ ಹತ್ತು ಸಲ ಮಾಡೆಂದು ಹುರಿದುಂಬಿಸುತ್ತಾನೆ. ರಕ್ತದೊತ್ತಡದ ಔಷಧಗಳಲ್ಲಿ ಬೀಟಾ ಬ್ಲಾಕರ್ ಎಂಬ ಒಂದು ವರ್ಗವುಂಟು. ಅವು ನಾಡಿಯ ವೇಗವನ್ನು ತಗ್ಗಿಸಿ ಹಿಡಿಯುತ್ತವೆ. ಅಂಥ ಮಾತ್ರೆ ನುಂಗುವವರು ಎಷ್ಟೇ ಬಳಲಿದರೂ ಯಂತ್ರದ ಮೇಲೆ ಕಾಣುವ ಹೃದಯದ ಬಡಿತ ಅಷ್ಟಾಗಿ ಏರದು. ಯಂತ್ರವನ್ನೇ ನಂಬಿದವನು ಮೋಸಹೋಗುತ್ತಾನೆ. ಅನುಭವಿಯಾದವನು ನಿಮ್ಮನ್ನು ಮಾತನಾಡಿಸಿ ನೋಡುತ್ತಾನೆ. ಒಂದು ವಾಕ್ಯವನ್ನು ತಡೆಯಿಲ್ಲದೆ ಹೇಳಬಲ್ಲಿರಾದರೆ ಶ್ರಮ ಹದವಾಗಿದೆ, ಎರಡು ಪದಕ್ಕೊಮ್ಮೆ ಉಸಿರೆಳೆಯಬೇಕಾದರೆ ಮಿತಿ ಮೀರುತ್ತಿದೆ.

ಹೃದಯದ ಪ್ರಸ್ತಾಪ ಬಂದುದರಿಂದ ಒಂದು ಮಾತು. 2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ ಅವರು ಹೃದಯಾಘಾತದಿಂದ ನಮ್ಮನ್ನಗಲಿದಾಗ ನಾಡಿಗೆ ನಾಡೇ ದುಃಖಿಸಿತು. ಅದರ ಬೆನ್ನಿಗೇ ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಯಲ್ಲಿ ಪರೀಕ್ಷೆಗಾಗಿ ಜನರು ಗುಂಪುಗೂಡಿದರು, ಜಿಮ್ಮೆಂದರೆ ಮನೆಯ ಹಿರಿಯರು ಬೆದರುವಂತಾಯಿತು. ಆ ಮರಣಕ್ಕೆ ವ್ಯಾಯಾಮವನ್ನು ಕಾರಣವೆನ್ನುವುದು ನ್ಯಾಯವಲ್ಲ. ಮಿತವಾದ, ನಿಯತವಾದ ವ್ಯಾಯಾಮವು ಹೃದಯವನ್ನು ಕಾಪಾಡುತ್ತದೆಂಬುದರಲ್ಲಿ ಸಂದೇಹವಿಲ್ಲ. ಭಯದಿಂದ ಮನೆಯಲ್ಲಿ ಕುಳಿತರೆ ಅಪಾಯ ಹೆಚ್ಚುತ್ತದೆ. ಎದೆಯಲ್ಲಿ ಬಿಗಿತ, ಎಡತೋಳಿಗೋ ದವಡೆಗೋ ಹರಿಯುವ ನೋವು, ಕಾರಣವಿಲ್ಲದ ಬೆವರು ಕಂಡೊಡನೆ ವ್ಯಾಯಾಮವನ್ನು ನಿಲ್ಲಿಸಿ, ಗ್ಯಾಸ್ ಇರಬಹುದೆಂದು ಸಮಾಧಾನ ಹೇಳದೆ, 108ಕ್ಕೆ ಕರೆಮಾಡುವ ಶಿಕ್ಷಕನು ನಿಮ್ಮ ಪಕ್ಕದಲ್ಲಿದ್ದರೆ ಅದು ದೊಡ್ಡ ರಕ್ಷಣೆ.

ಪ್ರಶ್ನೆಗಳಿಂದ ಶಿಕ್ಷಕನನ್ನು ಅಳೆಯುವುದು ಹೇಗೆಂದು ಹೇಳಿದೆ. ಇನ್ನು ಅವನ ಕಣ್ಣು. ರೇಡಿಯೋದಲ್ಲಿ ನಾನು ಮಾಡಿ ತೋರಿಸಲಾರೆ. ನೀವು ಮನಸ್ಸಿನಲ್ಲಿ ಚಿತ್ರಿಸಿಕೊಳ್ಳಬೇಕು.

ಕೈಯಿಲ್ಲದ, ಸಾಧಾರಣ ಎತ್ತರದ ಒಂದು ಕುರ್ಚಿ ಇದೆಯೆನ್ನಿ. ನೀವು ಅದರ ಮೇಲೆ ಕುಳಿತು, ಎರಡೂ ಕೈಗಳನ್ನು ಎದೆಯ ಮೇಲೆ ಅಡ್ಡವಾಗಿಟ್ಟುಕೊಂಡು, ಏನನ್ನೂ ಹಿಡಿಯದೆ ಎದ್ದು ನಿಲ್ಲುತ್ತೀರಿ. ಮತ್ತೆ ಮೆಲ್ಲನೆ ಕುಳಿತುಕೊಳ್ಳುತ್ತೀರಿ. ನೋಡುವವರಿಗೆ ಇದರಲ್ಲಿ ವಿಶೇಷವೇನೂ ಇಲ್ಲ. ಪಳಗಿದ ಶಿಕ್ಷಕನಿಗೆ ಇದರಲ್ಲಿಯೇ ಒಂದು ಜಾತಕ ಕಾಣುತ್ತದೆ. ಅವನು ಒಮ್ಮೆ ಮುಂದೆ ನಿಂತು ನೋಡುತ್ತಾನೆ, ಒಮ್ಮೆ ಪಕ್ಕಕ್ಕೆ ಸರಿದು ನೋಡುತ್ತಾನೆ. ಏಳುವಾಗ ಮಂಡಿಗಳೆರಡೂ ಒಳಕ್ಕೆ ವಾಲಿ ಒಂದನ್ನೊಂದು ಸಮೀಪಿಸುತ್ತವೆಯೆ? ಸೊಂಟದ ಪಕ್ಕದ ಸ್ನಾಯುಗಳು ದುರ್ಬಲವಾಗಿರಬಹುದು. ಹಿಮ್ಮಡಿ ನೆಲ ಬಿಡುತ್ತದೆಯೆ? ಕಾಲಿನ ಹರಡು ಬಿಗಿದಿರಬಹುದು. ಭಾರವೆಲ್ಲ ಒಂದೇ ಕಾಲಿಗೆ ಹೋಗುತ್ತದೆಯೆ? ಮತ್ತೊಂದು ಕಾಲಿನಲ್ಲಿ ನೀವು ಹೇಳಲು ಮರೆತ ಹಳೆಯ ನೋವೊಂದಿರಬಹುದು. ಏಳುವ ಕ್ಷಣದಲ್ಲಿ ಉಸಿರು ಬಿಗಿಹಿಡಿಯುತ್ತೀರೆ? ರಕ್ತದೊತ್ತಡವಿರುವವರಿಗೆ ಅದು ಸಲ್ಲದು. ಶ್ರಮದ ಘಳಿಗೆಯಲ್ಲಿ ಉಸಿರು ಬಿಡುವುದನ್ನು ಮೊದಲು ಕಲಿಸಬೇಕು. ವಯಸ್ಸಾದವರಾದರೆ ಅರ್ಧ ನಿಮಿಷದಲ್ಲಿ ಹೀಗೆ ಎಷ್ಟು ಸಲ ಎದ್ದು ಕೂರಬಲ್ಲರೆಂದು ಎಣಿಸಿ ಬರೆದಿಟ್ಟುಕೊಳ್ಳುತ್ತಾನೆ. ಪೂಜೆಗೋ ಊಟಕ್ಕೋ ನೆಲದ ಮೇಲೆ ಕುಳಿತರೆ ಆಸರೆಯಿಲ್ಲದೆ ಏಳಬಲ್ಲಿರಾ ಎಂದೂ ಕೇಳುತ್ತಾನೆ. ಇಷ್ಟನ್ನು ನೋಡಿಕೊಂಡ ಬಳಿಕ, ಹೆಗಲ ಮೇಲೆ ಕಬ್ಬಿಣವನ್ನು ಹೊರಿಸಬಹುದೋ, ಇಲ್ಲವೆ ಇನ್ನೂ ಒಂದು ತಿಂಗಳು ಕುರ್ಚಿಯೇ ಸಾಕೋ ಎಂದು ನಿರ್ಧರಿಸುತ್ತಾನೆ. ಸ್ಕ್ವಾಟ್ ಎಂದು ಜಿಮ್ಮಿನಲ್ಲಿ ಕರೆಯುವ ಸಾಧನೆಯ ಆರಂಭ ಇಲ್ಲಿರುತ್ತದೆ.

ಆದುದರಿಂದ ನನ್ನ ಸಲಹೆ: ಹಣ ಕಟ್ಟುವ ಮುನ್ನ, ನೀವು ಮುಂದೆ ಹೋಗಬೇಕೆಂದಿರುವ ಹೊತ್ತಿನಲ್ಲಿಯೇ ಒಂದು ದಿನ ಹೋಗಿ, ಮೂಲೆಯಲ್ಲಿ ಅರ್ಧ ಗಂಟೆ ಕುಳಿತು, ಆ ಶಿಕ್ಷಕನು ಮತ್ತೊಬ್ಬರಿಗೆ ಕಲಿಸುವುದನ್ನು ಗಮನಿಸಿರಿ. ಶಿಷ್ಯನು ಭಾರ ಎತ್ತುತ್ತಿರುವಾಗ ಗುರುವಿನ ದೃಷ್ಟಿ ಎಲ್ಲಿದೆ? ಶಿಷ್ಯನ ಬೆನ್ನಿನ ಮೇಲಿದೆಯೋ, ಕನ್ನಡಿಯ ಮೇಲಿದೆಯೋ, ಕೈಯಲ್ಲಿರುವ ಮೊಬೈಲಿನ ಮೇಲಿದೆಯೋ? ಐವತ್ತು ವರ್ಷದವರಿಗೂ ಇಪ್ಪತ್ತರ ಹುಡುಗನಿಗೂ ಒಂದೇ ಪಾಠ ನಡೆಯುತ್ತಿದೆಯೋ? ಈ ಅರ್ಧ ಗಂಟೆಯಲ್ಲಿ ತಿಳಿಯುವಷ್ಟು ಯಾವ ಜಾಹೀರಾತಿನಿಂದಲೂ ತಿಳಿಯದು.

ನಮ್ಮಲ್ಲಿ ಒಂದು ತಪ್ಪು ಭಾವನೆ ಬಲವಾಗಿ ಬೇರೂರಿದೆ. ಮೊದಲ ದಿನವೇ ಮೈಯೆಲ್ಲ ನೋಯಿಸಿ, ಮರುದಿನ ಮೆಟ್ಟಿಲಿಳಿಯಲಾರದಂತೆ ಮಾಡಿದವನೇ ಗಟ್ಟಿ ಶಿಕ್ಷಕನೆಂದು ಹೊಗಳುವವರುಂಟು. ಹೊಸ ಶ್ರಮಕ್ಕೆ ಸ್ನಾಯುಗಳು ಸ್ವಲ್ಪ ನೋಯುವುದು ಸಹಜ. ಒಂದೆರಡು ದಿನಗಳಲ್ಲಿ ಏರಿ ಮೂರು ನಾಲ್ಕು ದಿನಗಳಲ್ಲಿ ಅದು ತಾನಾಗಿ ಇಳಿಯುತ್ತದೆ. ಕೀಲಿನಲ್ಲಿ ಚುಚ್ಚುವ ನೋವು ಬೇರೆ ಜಾತಿಯದು. ಅದನ್ನು ತಾಳಿಕೊಳ್ಳೆಂದು ಹೇಳುವವನ ಮಾತು ಕೇಳಬೇಡಿರಿ. ಅಭ್ಯಾಸವಿಲ್ಲದ ದೇಹವನ್ನು ಒಂದೇ ದಿನ ವಿಪರೀತವಾಗಿ ದುಡಿಸಿದರೆ ಸ್ನಾಯುಗಳ ಕಣಗಳು ಒಡೆದು ಮೂತ್ರಪಿಂಡಕ್ಕೇ ಘಾತವಾಗುವ ಸಂಭವವುಂಟು. ವ್ಯಾಯಾಮದ ಮಾರನೆಯ ದಿನ ಮೂತ್ರವು ಗಾಢವಾದ ಕಂದುಬಣ್ಣಕ್ಕೆ ತಿರುಗಿದರೆ ತಡಮಾಡದೆ ಆಸ್ಪತ್ರೆಗೆ ಹೋಗತಕ್ಕದ್ದು.

ಈಗ ಸ್ತ್ರೀ ಶ್ರೋತೃಗಳಿಗೆ ಪ್ರತ್ಯೇಕವಾಗಿ. ಭಂಗಿಯನ್ನು ತಿದ್ದಲು ಶಿಕ್ಷಕನು ಬೆನ್ನನ್ನೋ ಭುಜವನ್ನೋ ಮುಟ್ಟಬೇಕಾದ ಸಂದರ್ಭಗಳುಂಟು. ಮುಟ್ಟುವ ಮುನ್ನ ಅನುಮತಿ ಕೇಳುವುದು ಅವನ ಕರ್ತವ್ಯ. ಬೇಡವೆಂದರೆ ಬಾಯಿಮಾತಿನಲ್ಲಿಯೇ, ತಾನು ಮಾಡಿ ತೋರಿಸಿಯೇ ತಿದ್ದಬಲ್ಲ ಸಾಮರ್ಥ್ಯ ಅವನಿಗಿರಬೇಕು. ಅದಿಲ್ಲದವನು ಇನ್ನೂ ಕಲಿಯಬೇಕಾದವನು. ಶಿಕ್ಷಕಿಯೇ ಬೇಕೆಂದು ಕೇಳುವುದರಲ್ಲಿ ತಪ್ಪೇನೂ ಇಲ್ಲ. ಬಸುರಿಯರೂ ಬಾಣಂತಿಯರೂ ತಮ್ಮ ಸ್ಥಿತಿಯನ್ನು ಮುಚ್ಚಿಡದೆ ತಿಳಿಸಬೇಕು. ಸಿಸೇರಿಯನ್ ಆದವರ ಹೊಟ್ಟೆಗೆ ಯಾವ ಸಾಧನೆ ಎಂದಿನಿಂದ ಒಪ್ಪುವುದೆಂಬುದನ್ನು ವೈದ್ಯರನ್ನು ಕೇಳಿಯೇ ತೀರ್ಮಾನಿಸೋಣವೆನ್ನುವ ಶಿಕ್ಷಕಿ ಸಿಕ್ಕಿದರೆ ಅವರನ್ನು ಬಿಡಬೇಡಿರಿ.

ಪ್ರಶ್ನೆ, ದೃಷ್ಟಿ, ಮರ್ಯಾದೆ, ಈ ಮೂರನ್ನು ಕುರಿತು ಹೇಳಿದ್ದಾಯಿತು. ಇನ್ನೊಂದು ಸಂಗತಿ ನನ್ನ ಮನಸ್ಸನ್ನು ಬಹಳವಾಗಿ ನೋಯಿಸುತ್ತಿದೆ. ಅದು ಡಬ್ಬಿಗಳ ವ್ಯಾಪಾರ.

ಪ್ರೋಟೀನ್ ಪುಡಿ ವಿಷವಲ್ಲ. ಕೆಲವರಿಗೆ ಅದರಿಂದ ಅನುಕೂಲವೂ ಉಂಟು. ಆದರೆ ಕಲಿಸುವವನೇ ಮಾರುವವನೂ ಆದಾಗ ಅವನ ಸಲಹೆಯಲ್ಲಿ ನಿಮ್ಮ ಹಿತವೆಷ್ಟು, ಅವನ ಕಮಿಷನ್ ಎಷ್ಟೆಂದು ವಿಂಗಡಿಸುವುದು ಕಷ್ಟ. ಆರೋಗ್ಯವಂತ ವಯಸ್ಕರಿಗೆ ದೇಹದ ತೂಕದ ಪ್ರತಿ ಕಿಲೋಗೆ ದಿನಕ್ಕೆ ಸುಮಾರು 0.83 ಗ್ರಾಂ ಪ್ರೋಟೀನ್ ಬೇಕೆಂದು ನಮ್ಮ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಶಿಫಾರಸು. 60 ಕಿಲೋ ತೂಗುವವರಿಗೆ ಸುಮಾರು 50 ಗ್ರಾಂ ಆಯಿತು. ಭಾರ ಎತ್ತಿ ಸಾಧನೆ ಮಾಡುವವರಿಗೆ ಇದಕ್ಕಿಂತ ಹೆಚ್ಚು ಬೇಕಾಗಬಹುದು. ಒಂದು ಮೊಟ್ಟೆಯಲ್ಲಿ 6 ಗ್ರಾಂ ಸಿಗುತ್ತದೆ. ಬೇಳೆ, ಹುರುಳಿ, ಅಲಸಂದೆ, ಹಾಲು, ಮೊಸರು, ಮೀನು, ಇವೆಲ್ಲವೂ ನಮ್ಮ ಅಡುಗೆಮನೆಗಳಲ್ಲಿಯೇ ಇವೆ. ಒಳ್ಳೆಯ ಶಿಕ್ಷಕನು ಮೊದಲು ನಿಮ್ಮ ತಟ್ಟೆಯಲ್ಲಿ ಏನಿದೆಯೆಂದು ಕೇಳುತ್ತಾನೆ. ಮೂತ್ರಪಿಂಡದ ತೊಂದರೆಯುಳ್ಳವರನ್ನು ವೈದ್ಯರಲ್ಲಿಗೆ ಕಳಿಸುತ್ತಾನೆ. ಇನ್ನು ಇಂಜೆಕ್ಷನ್ ವಿಷಯ. ಹದಿನೆಂಟು ಇಪ್ಪತ್ತರ ಹುಡುಗರಿಗೆ, ಬೇಗ ಮೈ ಬರುತ್ತದೆಂದು ಆಸೆ ತೋರಿಸಿ, ಸ್ಟೆರಾಯ್ಡ್‌ಗಳನ್ನು ಗುಟ್ಟಾಗಿ ಕೊಡುವವರಿದ್ದಾರೆ. ಇವು ವೈದ್ಯರ ಚೀಟಿಯಿಲ್ಲದೆ ಮಾರಬಾರದ ಔಷಧಗಳು. ಯಕೃತ್ತನ್ನೂ ಹೃದಯವನ್ನೂ ಕೆಡಿಸುತ್ತವೆ. ಗಂಡಸಿನ ಸಂತಾನಶಕ್ತಿಯನ್ನು ಕುಗ್ಗಿಸುತ್ತವೆ. ತಂದೆತಾಯಿಗಳೇ, ಮಗನ ಮೈ ಎರಡು ಮೂರು ತಿಂಗಳಲ್ಲಿ ಅಸಹಜವಾಗಿ ಉಬ್ಬಿ, ಬೆನ್ನಿನ ತುಂಬ ಮೊಡವೆಯೆದ್ದು, ಸ್ವಭಾವ ಸಿಡುಕಾದರೆ, ಗದರಿಸದೆ ಹತ್ತಿರ ಕೂರಿಸಿಕೊಂಡು ವಿಚಾರಿಸಿರಿ. ಅಂಥ ಶಿಕ್ಷಕನೊಡನೆ ಚೌಕಾಸಿ ಬೇಡ; ಆ ದಿನವೇ ಬಿಡಿಸಿರಿ.

ಹಣದ ವಿಷಯವನ್ನು ಚಿಕ್ಕದಾಗಿ ಹೇಳುತ್ತೇನೆ. ವಾರದಲ್ಲಿ 150 ನಿಮಿಷಗಳಿಗೆ ಕಡಮೆಯಿಲ್ಲದ ಹದವಾದ ಶ್ರಮ, ಅದರೊಡನೆ ಎರಡು ದಿನ ಸ್ನಾಯುಗಳನ್ನು ಬಲಪಡಿಸುವ ಸಾಧನೆ, ಇಷ್ಟು ವಯಸ್ಕರಿಗೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಡಿಗೆಗೆ ಗುರು ಬೇಕಿಲ್ಲ. ಹೀಗಾಗಿ ವಾರಕ್ಕೆ ಎರಡು ಮೂರು ದಿನದ ಶಿಕ್ಷಣ ಬಹುಮಂದಿಗೆ ಸಾಕು. ನಿತ್ಯವೂ ಬೇಕೆಂದು ಒತ್ತಾಯಿಸಿದರೆ ಕಾರಣ ಕೇಳಿರಿ. ತಿಂಗಳಿಗೆ 10 ಕಿಲೋ ಇಳಿಸುವೆನೆಂದೋ, ಹೊಟ್ಟೆಯ ಕೊಬ್ಬನ್ನು ಮಾತ್ರ ಕರಗಿಸುವೆನೆಂದೋ ಮಾತು ಕೊಡುವವನಿಗೆ ಮುಂಗಡ ಕೊಡಬೇಡಿರಿ. ವರ್ಷದ ಪ್ಯಾಕೇಜಿನಲ್ಲಿ ರಿಯಾಯಿತಿ ದೊಡ್ಡದಾಗಿ ಕಂಡರೂ, ಮೊದಲು ಒಂದು ತಿಂಗಳಿಗೆ ಕಟ್ಟಿ, ಶಿಕ್ಷಕನು ಬದಲಾದರೆ ಅಥವಾ ಒಪ್ಪದಿದ್ದರೆ ಹಣದ ಗತಿಯೇನೆಂಬುದನ್ನು ಬರವಣಿಗೆಯಲ್ಲಿ ಪಡೆಯಿರಿ.

ಆ ಒಂದು ತಿಂಗಳಲ್ಲಿ ನಿಮ್ಮ ಸಾಧನೆಯನ್ನು ಅವನು ಬರೆದಿಡುತ್ತಾನೆಯೆ, ನೋಡಿರಿ. ಯಾವ ದಿನ ಯಾವ ಸಾಧನೆ, ಎಷ್ಟು ಭಾರ, ಎಷ್ಟು ಸಲ, ಎಲ್ಲಿ ನೋವು, ಅದಕ್ಕೆ ಮಾಡಿದ ಬದಲಾವಣೆಯೇನು, ಇಷ್ಟು ಬರೆದಿದ್ದರೆ ಸಾಕು. ನಾಲ್ಕನೆಯ ವಾರದ ಪುಟವು ಮೊದಲನೆಯ ವಾರದ ಪುಟಕ್ಕಿಂತ ಭಿನ್ನವಾಗಿರಬೇಕು. ಆ ಭಿನ್ನತೆ ಏಕೆಂದು ಕೇಳಿದರೆ ನಿಮಗೆ ಅರ್ಥವಾಗುವ ಕನ್ನಡದಲ್ಲಿ ಅವನು ವಿವರಿಸಬಲ್ಲವನಾಗಿರಬೇಕು. ಎರಡನೆಯ ತಿಂಗಳ ಹಣವನ್ನು ಕೈಯಲ್ಲಿ ಹಿಡಿದು ಹೋದಾಗ, ಕಟ್ಟುವ ಮುನ್ನ ಆ ಪುಸ್ತಕವನ್ನು ಕೇಳಿ ಪಡೆದು, ಪಕ್ಕದಲ್ಲಿ ಅವನನ್ನೂ ಕೂರಿಸಿಕೊಂಡು ಓದಿರಿ.